ಅಹೋರಾತ್ರಿ ತತ್ವಪದ: ರೇಡಿಯೊ, ಕೇಬಲ್, ಯೂಟ್ಯೂಬ್, ಫೇಸ್‌ಬುಕ್ ನಾಲ್ಕರಲ್ಲೂ ಒಂದೇ ಹೊತ್ತಿಗೆ ಬಿಡೋದು ಹೇಗೆ?

ಯಡ್ರಾಮಿ ಏಕತಾರಿ:

ಎಲ್ಲರಿಗೂ ಶರಣು. ಯಡ್ರಾಮಿ ತಾಲೂಕಿನ ನಮ್ಮ ಊರಿನಲ್ಲಿ ಅಹೋರಾತ್ರಿ ತತ್ವಪದ ಭಜನೆ ಇಟ್ಟುಕೊಂಡಿದ್ದೇವೆ. ರಾತ್ರಿ 9ಕ್ಕೆ ಶುರು, ಬೆಳಗ್ಗೆ 6ಕ್ಕೆ ಮಂಗಳ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ ಇವರ ಪದಗಳನ್ನು ಹಾಡುವ ಹಿರಿಯರು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ಇವರಲ್ಲಿ ಕೆಲವರಿಗೆ ಎಪ್ಪತ್ತು ದಾಟಿದೆ. ಅವರ ದನಿ ಇನ್ನೆಷ್ಟು ವರ್ಷ ಕೇಳಲಿಕ್ಕೆ ಸಿಗುತ್ತದೋ ಎಂಬ ಚಿಂತೆ ನನಗಿದೆ. ಅದಕ್ಕೇ ಈ ಸಲ ಪೆಂಡಾಲಿನಲ್ಲಿ ಕೂತವರಿಗಷ್ಟೇ ಸೀಮಿತ ಆಗಬಾರದು ಎಂಬ ಆಸೆ.

ನಮ್ಮ ಊರಿನ ಅರ್ಧ ಮಂದಿ ಪುಣೆ, ಮುಂಬೈ, ಬೆಂಗಳೂರಿನಲ್ಲಿ ಇದ್ದಾರೆ. ಅವರಿಗೆ ಯೂಟ್ಯೂಬ್, ಫೇಸ್‌ಬುಕ್ ಬೇಕು. ತಾಲೂಕಿನೊಳಗೆ ಕೇಬಲ್ ಟಿವಿ ನೋಡುವವರು ಇನ್ನೂ ತುಂಬಾ ಇದ್ದಾರೆ. ಹೊಲದಲ್ಲಿ, ಕಟ್ಟೆಯ ಮೇಲೆ ರೇಡಿಯೊ ಕೇಳುವ ಮುದುಕರೂ ಇದ್ದಾರೆ. ನಾಲ್ಕೂ ಕಡೆ ಒಂದೇ ಹೊತ್ತಿಗೆ ಹೋಗಬೇಕು. ನಮ್ಮ ಹತ್ತಿರ ಇರುವುದು ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್, ಪೆಂಡಾಲಿನವರ ಮೈಕ್ ಸೆಟ್ಟು, ನಾಲ್ಕು ಜನ ಹುಡುಗರು. ದುಡ್ಡು ಜಾಸ್ತಿ ಇಲ್ಲ. ಒಂದೊಂದಕ್ಕೂ ಒಂದೊಂದು ಮೊಬೈಲ್ ಸ್ಟ್ಯಾಂಡಿಗೆ ಕಟ್ಟಿ ಲೈವ್ ಹಾಕಿಬಿಡೋಣ ಅಂತ ಹುಡುಗರು ಹೇಳುತ್ತಿದ್ದಾರೆ. ಇದು ಸರಿಯಾ? ಮಾಡಿ ಗೊತ್ತಿದ್ದವರು ಹೇಳಿ.

ಸುರಪುರ ಸ್ಟ್ರೀಮ್:

ಅಣ್ಣಾ, ನಾಲ್ಕು ಮೊಬೈಲ್ ಬೇಡವೇ ಬೇಡ. ನಾಲ್ಕು ಮೊಬೈಲ್ ಅಂದರೆ ನಾಲ್ಕು ಬೇರೆ ಬೇರೆ ದನಿ. ಒಂದರಲ್ಲಿ ತಾಳ ಜಾಸ್ತಿ, ಒಂದರಲ್ಲಿ ಪಕ್ಕದವರ ಮಾತು, ಒಂದರ ಬ್ಯಾಟರಿ ಹನ್ನೆರಡಕ್ಕೇ ಮುಗಿಯುತ್ತದೆ. ಒಂದೇ ಕಡೆ ಚಿತ್ರ, ದನಿ ಕೂಡಿಸಿ ತಯಾರು ಮಾಡಿಕೊಂಡು ಅಲ್ಲಿಂದ ಎಲ್ಲ ಕಡೆ ಹಂಚಬೇಕು. ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆಂದೇ ಇರುವ ಓಬಿಎಸ್ ಸ್ಟುಡಿಯೊ ಅನ್ನುವ ಸಾಫ್ಟ್‌ವೇರ್ ಹಾಕಿ, ಪೂರ್ತಿ ಪುಕ್ಕಟೆ ಸಿಗುತ್ತದೆ.

ಹಂಚುವುದಕ್ಕೆ ಎರಡು ದಾರಿ. ಓಬಿಎಸ್‌ಗೆ ಒಂದು ಪ್ಲಗಿನ್, ಅಂದರೆ ಮೇಲೆ ಸೇರಿಸುವ ಸಣ್ಣ ಸಾಫ್ಟ್‌ವೇರ್, ಹಾಕಿಕೊಂಡರೆ ನಿಮ್ಮ ಲ್ಯಾಪ್‌ಟಾಪೇ ಯೂಟ್ಯೂಬಿಗೆ ಒಂದು, ಫೇಸ್‌ಬುಕ್ಕಿಗೆ ಒಂದು, ಕೇಬಲ್‌ನವರಿಗೆ ಒಂದು ಅಂತ ಬೇರೆ ಬೇರೆಯಾಗಿ ಕಳಿಸುತ್ತದೆ. ಆದರೆ ಅಪ್‌ಲೋಡ್ ಮೂರು ಪಟ್ಟು ಬೇಕು. ಇಲ್ಲವಾದರೆ ರೀಸ್ಟ್ರೀಮ್ ತರಹದ ಸೇವೆಗೆ ಒಂದೇ ಒಂದು ಸ್ಟ್ರೀಮ್ ಕಳಿಸಿದರೆ ಅವರ ಸರ್ವರ್ ಅಲ್ಲಿಂದ ಹಂಚುತ್ತದೆ. ನಮ್ಮ ಹಳ್ಳಿ ನೆಟ್‌ವರ್ಕಿಗೆ ಎರಡನೆಯದೇ ಒಳ್ಳೆಯದು.

ಲೆಕ್ಕ ನೋಡಿ. 720ಪಿ, ಅಂದರೆ ಸಾಧಾರಣ ಸ್ಪಷ್ಟತೆಯ ಚಿತ್ರಕ್ಕೆ ಸೆಕೆಂಡಿಗೆ 2.5 ಮೆಗಾಬಿಟ್ ಇಟ್ಟುಕೊಳ್ಳಿ. 9 ತಾಸು ಕಳಿಸಿದರೆ ಒಂದು ಕಡೆಗೇ 10 ಜಿಬಿ ಮೇಲೆ ಹೋಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕಿನ ಸಿಮ್ ಹಾಕಿಕೊಂಡು ಕೂತರೆ ಒಂದೂ ಮುಕ್ಕಾಲು ತಾಸಿಗೆ ಡೇಟಾ ಖಾಲಿ. ಮೂರು ಕಡೆ ಬೇರೆ ಬೇರೆ ಕಳಿಸಿದರೆ 35 ನಿಮಿಷಕ್ಕೇ ಮುಗಿಯುತ್ತದೆ, ಮೊದಲನೇ ಮೇಳದವರು ಎದ್ದೇ ಇರುವುದಿಲ್ಲ ಅಷ್ಟರಲ್ಲಿ. ಪಂಚಾಯಿತಿಗೆ ಸರ್ಕಾರದ ಭಾರತ್‌ನೆಟ್ ಇಂಟರ್ನೆಟ್ ಫೈಬರ್ ಬಂದಿದ್ದರೆ, ಅದು ನಿಜವಾಗಿ ಕೆಲಸ ಮಾಡುತ್ತಿದ್ದರೆ, ಅಲ್ಲಿಂದ ಪೆಂಡಾಲಿಗೆ ಒಂದು ಕೇಬಲ್ ಎಳೆಯಿರಿ. ಜೊತೆಗೆ ಬೇರೆ ಕಂಪನಿಯ ಎರಡನೇ ಸಿಮ್ ಕೈಯಲ್ಲಿ ಇರಲಿ.

ಇನ್ನೊಂದು. ಹಗಲು ಹೊತ್ತು ಸ್ಪೀಡ್ ಟೆಸ್ಟ್ ಮಾಡಿ ಸಾಕು ಅಂತ ಬಿಡಬೇಡಿ. ಭಜನೆಗೆ ಸಾವಿರ ಮಂದಿ ಬಂದರೆ ಅವರ ಫೋನುಗಳೂ ಅದೇ ಟವರಿಗೆ ಹತ್ತುತ್ತವೆ, ಅವರೂ ವಿಡಿಯೊ ಕಳಿಸುತ್ತಾರೆ. ಯಾವುದಾದರೂ ಸಂತೆ ದಿನವೋ ಮದುವೆ ದಿನವೋ ರಾತ್ರಿ 9ಕ್ಕೆ ಅಳೆದು ನೋಡಿ. ಬಂದ ಅಪ್‌ಲೋಡಿನ ಅರ್ಧದಷ್ಟನ್ನು ಮಾತ್ರ ನಂಬಿ.

ಪುಣೆ ನೈಟ್ ಶಿಫ್ಟ್:

ನಾನು ಅಫಜಲಪುರದವನು, ಪುಣೆಯ ಚಾಕಣದಲ್ಲಿ ಕಂಪನಿ ಕೆಲಸ. ನೋಡುವವರ ಕಡೆಯಿಂದ ಒಂದು ಮಾತು. ರಾತ್ರಿ ಪಾಳಿಯಲ್ಲಿ ಫೋನ್ ಜೇಬಿನಲ್ಲಿ ಇಟ್ಟುಕೊಂಡು ಕೇಳುವವರೇ ಜಾಸ್ತಿ. ಯೂಟ್ಯೂಬಿಗೆ ದುಡ್ಡು ಕಟ್ಟದಿದ್ದರೆ ಫೋನ್ ಲಾಕ್ ಆದ ಕೂಡಲೇ ಹಾಡೂ ನಿಲ್ಲುತ್ತದೆ. ಮತ್ತೆ ಡೇಟಾ. ಇಡೀ ರಾತ್ರಿ 720ಪಿಯಲ್ಲಿ ನೋಡುವಷ್ಟು ಪ್ಯಾಕ್ ನಮ್ಮಂಥವರ ಹತ್ತಿರ ಇರುವುದಿಲ್ಲ. ದಯವಿಟ್ಟು ದನಿ ಮಾತ್ರ ಬರುವ ಒಂದು ಲಿಂಕ್ ಕೊಡಿ. 64 ಕಿಲೋಬಿಟ್ ಇದ್ದರೂ ಸಾಕು, 9 ತಾಸಿಗೆ ಅದು 260 ಎಂಬಿ ಆಗುತ್ತದೆ ಅಷ್ಟೇ. ತತ್ವಪದಕ್ಕೆ ಮುಖ ಕಾಣದಿದ್ದರೂ ನಡೆಯುತ್ತದೆ, ಪದ ಸರಿಯಾಗಿ ಕೇಳಬೇಕು.

ಇಲ್ಲಿ ನಮ್ಮ ಖೋಲಿಯಲ್ಲಿ ಆರು ಮಂದಿ ಇದ್ದೇವೆ, ಎಲ್ಲರೂ ಕಲಬುರಗಿ, ಯಾದಗಿರಿ ಕಡೆಯವರು. ಹಾಕಿದರೆ ಎಲ್ಲರೂ ಕೇಳುತ್ತೇವೆ.

ಶಹಾಬಾದ್ 2.0:

ಇಷ್ಟೆಲ್ಲ ಯಾಕೆ? ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಯೂಟ್ಯೂಬ್ ಒಂದು ಚೆನ್ನಾಗಿ ಮಾಡಿ, ಲಿಂಕ್ ವಾಟ್ಸಾಪಿನಲ್ಲಿ ಹಾಕಿ. ರೇಡಿಯೊ, ಕೇಬಲ್ ಬಿಟ್ಟುಬಿಡಿ. ಇರುವ ನಾಲ್ಕು ಹುಡುಗರನ್ನು ನಾಲ್ಕು ಕಡೆ ಓಡಿಸಿದರೆ ಯಾವುದೂ ನೆಟ್ಟಗೆ ಆಗುವುದಿಲ್ಲ.

ಆಳಂದ ಅಕ್ಕ:

ತಮ್ಮಾ, ನಾಲ್ಕು ಹುಡುಗರ ಮಾತು ನೀನು ಹೇಳಿದ್ದು ಸರಿ. ಆದರೆ ರೇಡಿಯೊ ಬಿಡು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ವರ್ಷಗಟ್ಟಲೆ ರೇಡಿಯೊದಲ್ಲಿ ಉದ್ಘೋಷಕಿಯಾಗಿದ್ದವಳು. ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾಗಿದ್ದು. ಈ ಭಾಗದ ಎಷ್ಟೋ ಜನಪದ ಹಾಡುಗಾರರ ದನಿ ಮೊದಲ ಸಲ ಊರಾಚೆಗೆ ಕೇಳಿಸಿದ್ದು ಅಲ್ಲಿಂದಲೇ. ತತ್ವಪದ ಕೇಳುವ ಕಿವಿ ರೇಡಿಯೊ ಕೇಳುವ ಮನೆಗಳಲ್ಲೇ ಇದೆ. ಕಣ್ಣು ಮಂಜಾದ ಅಜ್ಜಿಗೆ ಯೂಟ್ಯೂಬ್ ಲಿಂಕ್ ಯಾರು ಒತ್ತಿ ಕೊಡಬೇಕು?

ಯಡ್ರಾಮಿಯವರೇ, ರೇಡಿಯೊ ಅಂದಾಗ ನೀವು ಯಾವುದನ್ನು ಅಂದುಕೊಂಡಿದ್ದೀರಿ? ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥೆಯ ಅಂತರವಾಣಿ ಸಮುದಾಯ ರೇಡಿಯೊ ಇದೆ. ಆದರೆ ಸಮುದಾಯ ರೇಡಿಯೊಗೆ ಸರ್ಕಾರ ಕೊಡುವ ಶಕ್ತಿ ಸಾಮಾನ್ಯವಾಗಿ 100 ವಾಟ್ ಮಾತ್ರ. ಹತ್ತು ಹದಿನೈದು ಕಿಲೋಮೀಟರ್ ದಾಟಿದರೆ ದನಿ ಕರಗುತ್ತದೆ. ನಗರದಲ್ಲಿ ನೆಲೆಸಿದ ನಿಮ್ಮ ಕಡೆಯವರಿಗೆ ಅದು ಮುಟ್ಟುತ್ತದೆ, ಯಡ್ರಾಮಿಯ ಹೊಲಕ್ಕೆ ಮುಟ್ಟುವುದಿಲ್ಲ. ಹೊಲಕ್ಕೆ ಮುಟ್ಟಬೇಕು ಅಂದರೆ ಆಕಾಶವಾಣಿಗೇ ಹೋಗಬೇಕು. ಅದಕ್ಕೆ ನಿಲಯದ ಮುಖ್ಯಸ್ಥರಿಗೆ ಪತ್ರ ಬರೆದು, ಬಹಳ ಮೊದಲೇ ಮಾತಾಡಬೇಕು. ಇಡೀ ರಾತ್ರಿ ಕೇಳಬೇಡಿ, ಯಾರೂ ಕೊಡುವುದಿಲ್ಲ. ಒಂದು ತಾಸು ಕೇಳಿ. ನೇರ ಪ್ರಸಾರ ಆಗದಿದ್ದರೆ ಧ್ವನಿಮುದ್ರಣ ಮಾಡಿಕೊಂಡು ಆಮೇಲೆ ಹಾಕಿ ಅಂತ ಕೇಳಿ.

ಆ ಒಂದು ತಾಸು ಸಿಕ್ಕರೆ ಅದೇ ನಿಮ್ಮ ನಿಜವಾದ ಏಕಕಾಲದ ಪ್ರಸಾರ. ಉಳಿದ ಎಂಟು ತಾಸು ಇಂಟರ್ನೆಟ್ಟಿಗೆ, ಕೇಬಲ್ಲಿಗೆ ಇರಲಿ. ರೇಡಿಯೊ 10 ಗಂಟೆ ಅಂದರೆ 10 ಗಂಟೆ, ಅತಿಥಿಗಳು ಬರಲಿಲ್ಲ ಅಂತ ಕಾಯುವುದಿಲ್ಲ. ನಮ್ಮ ಕಡೆ ಸಭೆ ಒಂದು ತಾಸು ತಡವಾಗಿ ಶುರುವಾಗುವುದು ಮಾಮೂಲು. ಸ್ವಾಗತ, ಸನ್ಮಾನ, ಶಾಲು, ಭಾಷಣ ಇವೆಲ್ಲ ಆ ತಾಸಿನ ಹೊರಗೆ ಇಡಿ. ಹಾರ ಹಾಕುವುದನ್ನು ಟಿವಿಯಲ್ಲಿ ನೋಡಬಹುದು, ರೇಡಿಯೊದಲ್ಲಿ ಅದು ಬರೀ ಗದ್ದಲ, ಇಲ್ಲವೇ ಬರೀ ಮೌನ. ಆ ಹೊತ್ತಿಗೆ ಚೆನ್ನಾಗಿ ದನಿ ಕಾಯ್ದಿರುವ, ಶ್ರುತಿ ಕೂಡಿಸಿಕೊಂಡು ಕೂತಿರುವ ಮೇಳ ವೇದಿಕೆ ಮೇಲೆ ಇರಬೇಕು.

ನಿರೂಪಣೆ ಮಾಡುವವರಿಗೆ ಒಂದು ಮಾತು ಹೇಳಿಬಿಡಿ. ನಾಲ್ಕು ಕಡೆ ಹೋಗುವಾಗ, ಕಾಣದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡಬೇಕು. 'ಇಲ್ಲಿ ನೋಡ್ರಿ, ಇವರು' ಅಂದರೆ ರೇಡಿಯೊದವನಿಗೆ ಏನು ತಿಳಿಯಬೇಕು? ಹಾಡುಗಾರರ ಹೆಸರು, ಊರು, ಯಾರ ಪದ, ಯಾವ ವಾದ್ಯ ಎಲ್ಲ ಬಾಯಿಬಿಟ್ಟು ಹೇಳಬೇಕು. ಮಧ್ಯದಲ್ಲಿ ಸೇರಿಕೊಂಡವರಿಗಾಗಿ ಆಗಾಗ ಮತ್ತೆ ಹೇಳಬೇಕು. ಹಾಗೆ ಹೇಳಿದರೆ ನೋಡುವವರಿಗೂ ನಷ್ಟವಿಲ್ಲ. ಪ್ರಧಾನಿಯವರ ಮನ್ ಕಿ ಬಾತ್ 2014ರ ಅಕ್ಟೋಬರ್ 3ರಿಂದ ಬರುತ್ತಿದೆ. ಆಕಾಶವಾಣಿ, ದೂರದರ್ಶನ, ಯೂಟ್ಯೂಬ್ ಎಲ್ಲದರಲ್ಲೂ ಬರುತ್ತದೆ, ಆದರೆ ಅದನ್ನು ಕಟ್ಟುವುದು ರೇಡಿಯೊಗೆ. ಟಿವಿಯಲ್ಲಿ ಮೇಲೆ ಚಿತ್ರ ಹಾಕಿಕೊಳ್ಳುತ್ತಾರೆ. ಕಿವಿಗೆ ಕಟ್ಟಿದ್ದನ್ನು ಕಣ್ಣಿಗೂ ಕೊಡಬಹುದು, ಕಣ್ಣಿಗೆ ಕಟ್ಟಿದ್ದು ಕಿವಿಗೆ ಅರ್ಧವೇ ಸಿಗುತ್ತದೆ.

ಬೀದರ್ ಸೌಂಡ್:

ಅಕ್ಕೋರು ಹೇಳಿದ್ದು ನೂರಕ್ಕೆ ನೂರು. ನಾನು ಸೌಂಡ್ ಕೆಲಸ ಮಾಡುವವನು, ಬೀದರ್, ಭಾಲ್ಕಿ, ಬಸವಕಲ್ಯಾಣ ಕಡೆ ಜಾತ್ರೆ, ಉರುಸು, ಕೀರ್ತನೆ ಎಲ್ಲ ಮಾಡಿದ್ದೇನೆ. ನನ್ನ ಪ್ರಕಾರ ನಿಮ್ಮ ಬಜೆಟ್ಟಿನ ಮುಕ್ಕಾಲು ಭಾಗ ದನಿಗೇ ಹೋಗಬೇಕು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ದನಿ ಕೆಟ್ಟರೆ ಒಂದು ನಿಮಿಷವೂ ಇರುವುದಿಲ್ಲ, ಮತ್ತೆ ಇಲ್ಲಿ ನಾಲ್ಕು ಮಾಧ್ಯಮಕ್ಕೂ ಸಮನಾಗಿ ಹೋಗುವುದು ದನಿ ಒಂದೇ.

ಪೆಂಡಾಲಿನ ಮಿಕ್ಸರಿನಿಂದ ಸುಮ್ನೆ ಒಂದು ವೈರ್ ಎಳೆದುಕೊಂಡರೆ ಆಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಆಗುವುದಿಲ್ಲ. ಕಾರಣ ಕೇಳಿ. ತಾಳ, ದಮ್ಮಡಿ ಇವುಗಳ ಸದ್ದು ವೇದಿಕೆಯಿಂದ ನೇರವಾಗಿಯೇ ಜನರ ಕಿವಿಗೆ ಬೀಳುತ್ತದೆ. ಅದಕ್ಕೆ ಮೈಕಿನವನು ಅವನ್ನು ಮಿಕ್ಸರಿನಲ್ಲಿ ಇಳಿಸಿರುತ್ತಾನೆ, ಹಾಡುಗಾರರ ದನಿ, ಹಾರ್ಮೋನಿಯಂ ಏರಿಸಿರುತ್ತಾನೆ. ಪೆಂಡಾಲಿನೊಳಗೆ ಕೂತವರಿಗೆ ಎಲ್ಲ ಹದವಾಗಿ ಕೇಳುತ್ತದೆ. ಅದೇ ಮಿಕ್ಸ್ ರೇಡಿಯೊಗೆ ಹೋದರೆ? ತಾಳವೇ ಇಲ್ಲ, ಏಕತಾರಿ ಇದ್ದಿದ್ದೇ ಗೊತ್ತಾಗುವುದಿಲ್ಲ, ಒಣ ದನಿ ಮಾತ್ರ. ಅದಕ್ಕೆ ಮಿಕ್ಸರಿನಲ್ಲಿ ಆಕ್ಸ್ ಅಂತ ಬೇರೆ ದಾರಿ ಇರುತ್ತದೆ, ಅದರಲ್ಲಿ ಪ್ರಸಾರಕ್ಕಾಗಿಯೇ ಬೇರೆ ಮಿಕ್ಸ್ ಮಾಡಿಸಿ. ಅದನ್ನು ಪ್ರೀ ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿಗಿಂತ ಮೊದಲೇ ತೆಗೆದುಕೊಳ್ಳುವ ಹಾಗೆ, ಇಟ್ಟರೆ ಪೆಂಡಾಲಿಗಾಗಿ ಅವನು ಮೇಲೆ ಕೆಳಗೆ ಮಾಡಿದ್ದು ನಿಮ್ಮ ಪ್ರಸಾರಕ್ಕೆ ಬರುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡ ಒಬ್ಬ ಹುಡುಗ ಅದನ್ನೇ ಕಾಯುತ್ತಾ ಕೂರಲಿ, ಬೇರೆ ಕೆಲಸ ಕೊಡಬೇಡಿ.

ಜನರ ಕಡೆ ತಿರುಗಿಸಿದ ಒಂದು ಮೈಕ್ ಇಡಿ, ಸ್ವಲ್ಪ ಮಾತ್ರ ಬೆರೆಸಿ. ಮುಮ್ಮೇಳದವರು ಪಲ್ಲವಿ ಎತ್ತಿದಾಗ ಜನ ಹಿಮ್ಮೇಳ ಕೊಡುತ್ತಾರಲ್ಲ, ಅದು ಇಲ್ಲದೆ ಭಜನೆ ಅನ್ನಿಸುವುದೇ ಇಲ್ಲ.

ಈಗ ಮುಖ್ಯವಾದ ಮಾತು, ಇದನ್ನು ಎಲ್ಲರೂ ಓದಿ. ಮಿಕ್ಸರಿನ ಬ್ಯಾಲೆನ್ಸ್ಡ್ ಔಟ್‌ಪುಟ್ ಅನ್ನು (ಒಂದೇ ದನಿಯನ್ನು ನೇರ ಒಂದು, ತಿರುವು ಒಂದು ಅಂತ ಎರಡು ತಂತಿಯಲ್ಲಿ ಕಳಿಸುವಂಥದ್ದು) ಮೂರು ಪಟ್ಟಿಯ ಸ್ಟೀರಿಯೊ ಪಿನ್ನಿನಿಂದ ಲ್ಯಾಪ್‌ಟಾಪಿಗೋ ಕ್ಯಾಮೆರಾಕ್ಕೋ ಚುಚ್ಚಿದರೆ ಎಡಗಡೆ, ಬಲಗಡೆ ಎರಡೂ ಒಂದಕ್ಕೊಂದು ತಿರುವುಮುರುವಾದ ಅದೇ ದನಿ ಆಗುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಏನೋ ಒಂದು ಥರ ಅನ್ನಿಸಿದರೂ ಜೋರಾಗಿಯೇ ಕೇಳುತ್ತದೆ. ರೇಡಿಯೊದಲ್ಲಿ ಅಥವಾ ಒಂದೇ ಸ್ಪೀಕರಿನ ಫೋನಿನಲ್ಲಿ ಎಡ ಬಲ ಕೂಡಿದಾಗ ಒಂದನ್ನೊಂದು ಕಳೆದು, ದನಿ ಮಾಯ. ಒಂದು ಮಠದ ಕಾರ್ಯಕ್ರಮದಲ್ಲಿ ಇದೇ ಆಗಿತ್ತು. ಕ್ಯಾಮೆರಾದವರಿಗೆ ಎಲ್ಲ ಸರಿ ಕೇಳುತ್ತಿತ್ತು, ಮನೆಯಲ್ಲಿ ಫೋನಿನಲ್ಲಿ ನೋಡಿದವರೆಲ್ಲ ಸ್ವಾಮಿಗಳ ಬಾಯಿ ಮಾತ್ರ ಆಡುತ್ತಿದೆ ಅಂತ ಬರೆಯುತ್ತಿದ್ದರು. ಡಿಐ ಬಾಕ್ಸ್ (ಮಿಕ್ಸರಿಗೂ ಲ್ಯಾಪ್‌ಟಾಪಿಗೂ ನಡುವೆ ದನಿ ಹೊಂದಿಸುವ ಸಣ್ಣ ಡಬ್ಬಿ) ಅಥವಾ ಸರಿಯಾದ ವೈರ್ ಹಾಕಿ. ಶುರುವಿಗೆ ಮೊದಲು ಹೆಡ್‌ಫೋನ್ ತೆಗೆದು ಸಾದಾ ಫೋನಿನ ಸ್ಪೀಕರಿನಲ್ಲಿ ಕೇಳಲೇಬೇಕು.

ಜನರೇಟರ್ ಲೈನಿನ ಗುಂಯ್ ಶಬ್ದಕ್ಕೂ ಐಸೊಲೇಶನ್ ಇರುವ, ಅಂದರೆ ಎರಡೂ ಕಡೆಯ ಕರೆಂಟನ್ನು ಬೇರ್ಪಡಿಸುವ, ಡಿಐ ಬಾಕ್ಸೇ ಮದ್ದು. ಲ್ಯಾಪ್‌ಟಾಪ್, ರೌಟರ್ ಎರಡನ್ನೂ ಯುಪಿಎಸ್ ಮೇಲೆ ಇಡಿ. ಕರೆಂಟಿನಿಂದ ಜನರೇಟರಿಗೆ ತಿರುಗಿಸುವ ಕ್ಷಣದಲ್ಲಿ ರೌಟರ್ ಬಿದ್ದರೆ ಮತ್ತೆ ಏಳುವುದಕ್ಕೆ ಎರಡು ಮೂರು ನಿಮಿಷ ಬೇಕು.

ಸೇಡಂ ಕೇಬಲ್ ಕಾಕಾ:

ಕೇಬಲ್ ವಿಷಯ ನಾನು ಹೇಳುತ್ತೇನೆ. ಮೊದಲು ನಮ್ಮ ಕಂಟ್ರೋಲ್ ರೂಮಿನಲ್ಲಿ ಡಿವಿಡಿ ಹಾಕಿದರೂ ಊರಿಗೆಲ್ಲ ಬರುತ್ತಿತ್ತು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳವರೆಗೂ ಡಿಜಿಟಲ್ ಮಾಡಿಸಿದ ಮೇಲೆ ಎಲ್ಲವೂ ದೊಡ್ಡ ಆಪರೇಟರಿನ ಹೆಡ್‌ಎಂಡ್‌ನಿಂದಲೇ, ಅಂದರೆ ಚಾನೆಲ್‌ಗಳನ್ನೆಲ್ಲ ಕೂಡಿಸಿ ಕಳಿಸುವ ಕೇಂದ್ರದಿಂದಲೇ, ಬರಬೇಕು. ಆದ್ದರಿಂದ ನಿಮ್ಮ ಊರಿನ ಕೇಬಲ್ ಹುಡುಗನನ್ನು ಕೇಳಿ ಸುಮ್ಮನಾಗಬೇಡಿ. ಅವನ ಮೇಲಿನವರ ಹತ್ತಿರ ಸ್ಥಳೀಯ ಚಾನೆಲ್ ಇದೆಯಾ, ಅದು ನೋಂದಣಿ ಆಗಿದೆಯಾ, ಆ ರಾತ್ರಿ ಬಿಟ್ಟುಕೊಡುತ್ತಾರಾ ಅಂತ ವಿಚಾರಿಸಿ.

ಬಹಳ ಕಡೆ ಯೂಟ್ಯೂಬ್ ಲೈವನ್ನೇ ಕಂಪ್ಯೂಟರಿನಲ್ಲಿ ತೆಗೆದು ಅದನ್ನೇ ಕೇಬಲ್ಲಿಗೆ ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನಡುವೆ ಜಾಹೀರಾತು ಬರುತ್ತದೆ, ಚಕ್ರ ತಿರುಗುತ್ತದೆ, ಮೌಸ್ ಬಾಣ ತೆರೆ ಮೇಲೆ ಓಡಾಡುತ್ತದೆ. ಯೂಟ್ಯೂಬ್ ನಿಂತರೆ ಕೇಬಲ್ಲೂ ನಿಲ್ಲುತ್ತದೆ. ಎರಡು ಮಾಧ್ಯಮ ಅಂತ ಹೆಸರಿಗೆ ಮಾತ್ರ, ಬೇರು ಒಂದೇ. ಹೆಡ್‌ಎಂಡಿನವರಿಗೆ ಬೇರೆ ಸ್ಟ್ರೀಮ್ ಕಳಿಸಿ, ಅವರ ಎನ್‌ಕೋಡರಿಗೆ (ಚಿತ್ರ ಕುಗ್ಗಿಸಿ ಕೇಬಲ್ಲಿಗೆ ಕೊಡುವ ಯಂತ್ರ) ಸೇರಿಸಲಿ. ಎಸ್‌ಆರ್‌ಟಿ ಅನ್ನುವ ವಿಧಾನದಲ್ಲಿ ಕಳಿಸಿದ್ದನ್ನು ಹಿಡಿಯುವ ಡಬ್ಬಿ ಅವರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು, ನೆಟ್ ಸ್ವಲ್ಪ ಏರುಪೇರಾದರೂ ತಡೆದುಕೊಳ್ಳುತ್ತದೆ.

ಮತ್ತೆ ಚಿತ್ರ ಅಡ್ಡವಾಗಿಯೇ ಇರಲಿ. ರೀಲ್ಸಿಗೆ ಬೇಕು ಅಂತ ಉದ್ದಕ್ಕೆ ಹಿಡಿದರೆ ಟಿವಿಯಲ್ಲಿ ನಡುವೆ ಒಂದು ಪಟ್ಟಿ ಮಾತ್ರ ಕಾಣುತ್ತದೆ.

ಯಡ್ರಾಮಿ ಏಕತಾರಿ:

ಕಾಕಾ, ಅಕ್ಕೋರೇ, ಎಲ್ಲರಿಗೂ ಶರಣು. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಒಂದು ಅನುಮಾನ. ರೇಡಿಯೊ, ಕೇಬಲ್, ಯೂಟ್ಯೂಬ್ ಎಲ್ಲ ಒಂದೇ ಸೆಕೆಂಡಿಗೆ ಬರುತ್ತವಾ? ಊರಲ್ಲಿ ಒಂದು ಮನೆಯಲ್ಲಿ ಟಿವಿ, ಪಕ್ಕದ ಮನೆಯಲ್ಲಿ ಫೋನ್ ಹಾಕಿದರೆ ಪದ ಎರಡೆರಡು ಸಲ ಕೇಳುತ್ತದಲ್ವಾ? ಫೋನ್ ಮಾಡಿ ಕೇಳುಗರು ಪದ ಕೋರುವ ಕಾರ್ಯಕ್ರಮವೂ ಇಡಬೇಕು ಅಂತಿದ್ದೇವೆ.

ಸುರಪುರ ಸ್ಟ್ರೀಮ್:

ಒಂದೇ ಸೆಕೆಂಡಿಗೆ ಬರುವುದಿಲ್ಲ. ಹಳೆಯ ರೀತಿಯ ಎಫ್‌ಎಂ, ಮೀಡಿಯಂ ವೇವ್‌ನಲ್ಲಿ ನಿಲಯದಿಂದ ನಿಮ್ಮ ಕಿವಿಗೆ ಹೆಚ್ಚುಕಡಿಮೆ ತಡವೇ ಇಲ್ಲ. ಉಪಗ್ರಹದ ಮೂಲಕ ಹೋದರೆ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಯಾಕೆಂದರೆ ಅದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಡಿಜಿಟಲ್ ಕೇಬಲ್‌ನಲ್ಲಿ ಚಿತ್ರ ಕುಗ್ಗಿಸಿ ಮತ್ತೆ ಹಿಗ್ಗಿಸಲು ಕೆಲವು ಸೆಕೆಂಡು. ಯೂಟ್ಯೂಬ್, ಫೇಸ್‌ಬುಕ್ ಎಲ್ಲಕ್ಕಿಂತ ಹಿಂದೆ, ಯಾಕೆಂದರೆ ಅವು ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ ಕಳಿಸುತ್ತವೆ, ನೋಡುವವರ ಫೋನ್ ಕೆಲವು ತುಂಡು ಕೂಡಿಟ್ಟುಕೊಂಡ ಮೇಲೆ ತೋರಿಸುತ್ತದೆ. ಯೂಟ್ಯೂಬಿನಲ್ಲಿ ತಡ ಕಡಿಮೆ ಮಾಡುವ ಆಯ್ಕೆ ಇದೆ, 10 ಸೆಕೆಂಡಿನೊಳಗೆ ತರಬಹುದು. ಆದರೆ ತಡ ಕಡಿಮೆ ಮಾಡಿದಷ್ಟೂ ಕೂಡಿಟ್ಟ ತುಂಡು ಕಡಿಮೆ, ನೆಟ್ ತಡವರಿಸಿದರೆ ಚಕ್ರ ತಿರುಗುತ್ತದೆ. ನಿಮಗೆ ಮಾಮೂಲಿ ಆಯ್ಕೆಯೇ ಸಾಕು. ಎಲ್ಲವನ್ನೂ ಒಂದೇ ಸೆಕೆಂಡಿಗೆ ತರಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ.

ಫೋನ್ ಕರೆ ತೆಗೆದುಕೊಂಡಾಗ ಮಾತ್ರ ಜೋಪಾನ. ಕರೆ ಮಾಡಿದವರ ಮನೆಯಲ್ಲಿ ಟಿವಿ ಹಾಕಿದ್ದರೆ ಅವರ ದನಿಯೇ ಅವರಿಗೆ ತಡವಾಗಿ ಕೇಳಿ ಮಾತು ತೊದಲುತ್ತದೆ. ಮೊದಲು ಟಿವಿ, ರೇಡಿಯೊ ಸಣ್ಣ ಮಾಡಿಸಿ. 'ಮೊದಲು ಕರೆ ಮಾಡಿದವರಿಗೆ' ಅಂತ ಯಾವುದನ್ನೂ ಇಡಬೇಡಿ, ಪುಣೆಯವರಿಗೆ ಅರ್ಧ ನಿಮಿಷ ತಡವಾಗಿ ಕೇಳುತ್ತದೆ, ಅವರಿಗೆ ಯಾವತ್ತೂ ಸಿಗುವುದಿಲ್ಲ. ಕೋರಿಕೆಗೆ ಒಂದು ವಾಟ್ಸಾಪ್ ನಂಬರ್ ಕೊಟ್ಟರೆ ಎಲ್ಲರಿಗೂ ನ್ಯಾಯ.

ಇನ್ನೂ ಕೆಲವು ವಿಷಯ, ಮರೆತರೆ ರಾತ್ರಿ ಕೈಕೊಡುವಂಥವು. ಫೇಸ್‌ಬುಕ್ ಲೈವಿಗೆ 8 ತಾಸಿನ ಮಿತಿ ಇದೆ, ನಿಮ್ಮದು 9 ತಾಸು. ಬೆಳಗಿನ ಜಾವ 5ಕ್ಕೆ ಅದಾಗಿಯೇ ನಿಲ್ಲುತ್ತದೆ, ಒಳ್ಳೇ ಉದಯರಾಗದ ಹೊತ್ತಿಗೆ. ನಡುರಾತ್ರಿ ಮೇಳ ಬದಲಾಗುವಾಗ ನೀವೇ ನಿಲ್ಲಿಸಿ ಎರಡನೇ ಲೈವ್ ಶುರು ಮಾಡಿ. ಅದೂ ಅಲ್ಲದೆ 2025ರಿಂದ ಫೇಸ್‌ಬುಕ್ಕಿನ ಲೈವ್ ವಿಡಿಯೊ 30 ದಿನ ಮಾತ್ರ ಇರುತ್ತದೆ, ಆಮೇಲೆ ಅಳಿಸುತ್ತಾರೆ. ಯೂಟ್ಯೂಬ್ 12 ತಾಸಿನೊಳಗಿನ ಲೈವನ್ನು ತಾನೇ ಉಳಿಸಿಕೊಳ್ಳುತ್ತದೆ. ಅಲ್ಲಿ ಚಾನೆಲ್ ಹೊಸದಾದರೆ ಮೊದಲ ಲೈವ್ ಚಾಲೂ ಆಗಲು 24 ತಾಸು ಕಾಯಿಸುತ್ತಾರೆ, ಅವತ್ತೇ ಸಂಜೆ ಹೋಗಿ ಒತ್ತಿದರೆ ಆಗುವುದಿಲ್ಲ. ಯೂಟ್ಯೂಬಿನಲ್ಲಿ ಆಟೊ ಸ್ಟಾಪ್ (ಸ್ಟ್ರೀಮ್ ನಿಂತರೆ ಲೈವನ್ನು ತಾನೇ ಮುಗಿಸುವ ಆಯ್ಕೆ) ಆಫ್ ಮಾಡಿ. ಆಗ ನೆಟ್ ಹೋಗಿ ಬಂದರೂ ಅದೇ ಲಿಂಕ್ ಮುಂದುವರಿಯುತ್ತದೆ. ಇಲ್ಲವಾದರೆ ಹೊಸ ಲಿಂಕ್ ಆಗಿ, ವಾಟ್ಸಾಪಿನಲ್ಲಿ ಹಂಚಿದ್ದೆಲ್ಲ ದಂಡ.

ಕಾಗಿಣಾ ದಂಡೆ:

ನಾನು ನಿವೃತ್ತ ಮೇಷ್ಟ್ರು. ತಾಂತ್ರಿಕ ಮಾತು ಹುಡುಗರು ಹೇಳುತ್ತಿದ್ದಾರೆ. ಆದರೆ ಇದನ್ನೆಲ್ಲ ಓದುವಾಗ ನಮ್ಮ ಜಿಲ್ಲೆಯ ಒಂದು ಸಂಗತಿ ಹೇಳದೆ ಇರಲು ಆಗುತ್ತಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಇಳಿಸಿದರು. ಸೈಟ್ ಯೋಜನೆ ಅಂತ ಅದರ ಹೆಸರು. ಉಪಗ್ರಹ ಅಮೆರಿಕದ ಎಟಿಎಸ್-6, ಯೋಜನೆ ನಮ್ಮ ಇಸ್ರೊದ್ದು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನಲ್ಲಿ ಟಿವಿ ಇಲ್ಲದ ಕಾಲ ಅದು! ಜಾಳಿಗೆಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ ಶಾಲೆಯ ಅಂಗಳದಲ್ಲಿ, ಒಂದು ಟಿವಿ, ಮುಂದೆ ಇಡೀ ಊರು. ಆ ಯೋಜನೆ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿ ಕಳಿಸುತ್ತಿತ್ತು. ಒಂದೇ ಚಿತ್ರ, ಎರಡು ಭಾಷೆ ಹೋಗಲು ಅದರಲ್ಲಿ ದಾರಿ ಇತ್ತು. ಐವತ್ತು ವರ್ಷದ ಹಿಂದೆ! ನಿಮ್ಮ ಭಜನೆಗೂ ಇದು ಬೇಕು ಅನ್ನಿಸುತ್ತದೆ. ಸೇಡಂ, ಗುರುಮಠಕಲ್ ಗಡಿಯಲ್ಲಿ ತೆಲುಗು ಮನೆಮಾತಿನವರು ಇದ್ದಾರೆ. ಆಳಂದದ ಗಡಿಯಲ್ಲಿ ಮರಾಠಿಯವರು. ಜಲಾಲಸಾಬರ ಪದ ಕೇಳಲು ಬರುವ ಉರ್ದು ಮನೆಗಳವರೂ ಇದ್ದಾರೆ. ಹಾಡು ಹಾಗೆಯೇ ಇರಲಿ, ಪದದ ನಡುವೆ ಹೇಳುವ ವಿವರಣೆ ಇನ್ನೊಂದು ಭಾಷೆಯಲ್ಲೂ ಹೋದರೆ ಎಷ್ಟು ಚೆಂದ.

ಸುರಪುರ ಸ್ಟ್ರೀಮ್:

ಆಗುತ್ತದೆ ಸರ್. ಎರಡನೇ ಲ್ಯಾಪ್‌ಟಾಪ್ ಬೇಕು, ಅದೇ ಚಿತ್ರ, ಅದೇ ಹಾಡು, ನಿರೂಪಕರ ಮೈಕ್ ಮಾತ್ರ ಬೇರೆ. ಎರಡನೇ ಲಿಂಕ್ ಆಗಿ ಹೋಗುತ್ತದೆ. ಆದರೆ ಮಿಕ್ಸರಿನಿಂದ ಇನ್ನೊಂದು ಆಕ್ಸ್ ಬೇಕು, ಅಪ್‌ಲೋಡೂ ಇನ್ನೊಂದರಷ್ಟು ಬೇಕು. ಮೊದಲ ವರ್ಷವೇ ಇಷ್ಟಕ್ಕೆ ಕೈಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ. ಒಂದು ತಾಸಿಗೆ ಮಾತ್ರ ಮಾಡಿ ನೋಡಬಹುದು.

ಹುಮನಾಬಾದ್ ವಕೀಲಿ:

ಯಾರೂ ಹಾಡುಗಾರರ ಒಪ್ಪಿಗೆ ಬಗ್ಗೆ ಹೇಳಲಿಲ್ಲವಲ್ಲ? ಮಡಿವಾಳಪ್ಪನವರ ಕಾಲದ ಪದಗಳಿಗೆ ಹಕ್ಕುಸ್ವಾಮ್ಯದ ತಂಟೆ ಇಲ್ಲ. ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಮಾತ್ರ ಅದು ಉಳಿಯುತ್ತದೆ. ಆದರೆ ಹಾಡುವವರಿಗೆ ತಮ್ಮ ಹಾಡುಗಾರಿಕೆ ಮೇಲೆ ಬೇರೆಯೇ ಹಕ್ಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಂ ನೋಡಿ, 50 ವರ್ಷದವರೆಗೆ ಇರುತ್ತದೆ. ಅವರನ್ನು ಕೇಳದೆ ಧ್ವನಿಮುದ್ರಣ ಮಾಡುವುದಾಗಲಿ, ಪ್ರಸಾರ ಮಾಡುವುದಾಗಲಿ ಸಲ್ಲದು. ಪೆಂಡಾಲಿನಲ್ಲಿ ಹಾಡಲು ಒಪ್ಪಿದರು ಅಂದರೆ ಯೂಟ್ಯೂಬಿಗೂ ಒಪ್ಪಿದರು ಅಂತ ಅರ್ಥ ಅಲ್ಲ.

ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ರೇಡಿಯೊ, ಕೇಬಲ್, ಯೂಟ್ಯೂಬ್, ಫೇಸ್‌ಬುಕ್ ಯಾವುದರಲ್ಲಿ ಹೋಗುತ್ತದೆ, ಆಮೇಲೆ ಎಷ್ಟು ದಿನ ಇರುತ್ತದೆ, ದುಡ್ಡು ಬಂದರೆ ಯಾರಿಗೆ, ಎಲ್ಲ ಬರೆದು ಓದಿ ಹೇಳಿ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ. ಒಂದು ಪ್ರತಿ ಅವರಿಗೂ ಕೊಡಿ. ಯಾರಾದರೂ ರೇಡಿಯೊ ಸರಿ, ಇಂಟರ್ನೆಟ್ ಬೇಡ ಅಂದರೆ ಅವರ ಸರದಿಯಲ್ಲಿ ಅದನ್ನು ನಿಲ್ಲಿಸುವ ಮನಸ್ಸು ನಿಮಗೆ ಇರಬೇಕು. ಈ ಹಿರಿಯರ ಪದಗಳನ್ನು ಯಾರ್ಯಾರೋ ತಮ್ಮ ಚಾನೆಲ್ಲಿಗೆ ಹಾಕಿಕೊಂಡು ಇವರ ಹೆಸರನ್ನೂ ಬರೆಯದೆ ಇರುವುದನ್ನು ನೋಡಿ ನನಗೆ ಬಹಳ ಬೇಸರವಾಗಿದೆ.

ನಡುವೆ ಬಿಡುವಿನಲ್ಲಿ ಸಿನಿಮಾ ಹಾಡು ಅಥವಾ ಕ್ಯಾಸೆಟ್ ಕಂಪನಿ ಭಕ್ತಿಗೀತೆ ಹಾಕಬೇಡಿ. ಯೂಟ್ಯೂಬ್ ಅದನ್ನು ತಾನೇ ಗುರುತು ಹಿಡಿದು ಲೈವ್ ನಿಲ್ಲಿಸಬಹುದು. ಮೈಕಿನವನಿಗೆ ಮೊದಲೇ ಹೇಳಿ, ಅವನಿಗೆ ಅಭ್ಯಾಸ ಇರುತ್ತದೆ.

ಶಹಾಬಾದ್ 2.0:

ಸರಿ, ರೇಡಿಯೊ ಬಗ್ಗೆ ಅಕ್ಕೋರ ಮಾತು ಒಪ್ಪಿದೆ. ಆದರೂ ನಾಲ್ಕು ಹುಡುಗರ ಪ್ರಶ್ನೆ ಹಾಗೇ ಇದೆ. ಕಾಮೆಂಟುಗಳನ್ನು ಯಾರು ಓದುತ್ತಾರೆ? ಯೂಟ್ಯೂಬಿನಲ್ಲಿ ಒಂದು ಸಾಲು, ಫೇಸ್‌ಬುಕ್ಕಿನಲ್ಲಿ ಒಂದು ಸಾಲು, 'ದನಿ ಬರುತ್ತಿಲ್ಲ' ಅಂತ ಜನ ಬರೆದರೆ ನೋಡುವವರೇ ಇರುವುದಿಲ್ಲ.

ಬೀದರ್ ಸೌಂಡ್:

ಅದಕ್ಕೆ ಊರಲ್ಲಿರುವ ಹುಡುಗರೇ ಆಗಬೇಕಿಲ್ಲ. ಹೊರಗಿನವರು ಮಾಡಲಿ. ಪುಣೆಯ ತಮ್ಮ ಇದ್ದಾನಲ್ಲ, ಯೂಟ್ಯೂಬ್ ಅವನು ನೋಡಲಿ. ಕಲಬುರಗಿ ನಗರದಲ್ಲಿ ಒಬ್ಬರು ರೇಡಿಯೊ, ಜೇವರ್ಗಿಯಲ್ಲಿ ಒಬ್ಬರು ಕೇಬಲ್. ಪೆಂಡಾಲಿನ ಒಳಗೆ ಕೂತವರಿಗೆ ಹೊರಗೆ ಏನು ಹೋಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಎಲ್ಲರೂ ಒಂದು ವಾಟ್ಸಾಪ್ ಗುಂಪಿನಲ್ಲಿ ಇರಲಿ, ಅದನ್ನು ಹೆಡ್‌ಫೋನ್ ಹಾಕಿದ ಹುಡುಗನ ಪಕ್ಕದವನು ನೋಡಲಿ.

ಪುಣೆ ನೈಟ್ ಶಿಫ್ಟ್:

ನಾನು ತಯಾರು. ಇಡೀ ರಾತ್ರಿ ಎಚ್ಚರವೇ ಇರುತ್ತೇನೆ. ದನಿ ಲಿಂಕ್ ಮಾತ್ರ ಮರೆಯಬೇಡಿ.

ಯಡ್ರಾಮಿ ಏಕತಾರಿ:

ಹುಡುಗರನ್ನು ಕೂರಿಸಿಕೊಂಡು ಎಲ್ಲ ಓದಿ ಹೇಳಿದೆ. ಹೀಗೆ ಮಾಡುವುದು ಅಂತ ಆಯ್ತು. ಮಿಕ್ಸರಿನಿಂದ ಪ್ರಸಾರಕ್ಕೆ ಬೇರೆ ಮಿಕ್ಸ್, ಅದಕ್ಕೆ ಒಬ್ಬ. ಲ್ಯಾಪ್‌ಟಾಪಿಗೆ ಒಬ್ಬ, ಕ್ಯಾಮೆರಾಕ್ಕೆ ಒಬ್ಬ, ಫೋನ್ ಮತ್ತು ಗುಂಪು ನೋಡಲು ಒಬ್ಬ. ಒಂದೇ ಸ್ಟ್ರೀಮ್ ಹೊರಗೆ ಕಳಿಸಿ ಅಲ್ಲಿಂದ ಹಂಚುತ್ತೇವೆ, ದನಿ ಮಾತ್ರದ ಲಿಂಕ್ ಬೇರೆ. ಆಕಾಶವಾಣಿಗೆ 10ರಿಂದ 11ರ ತಾಸಿಗಾಗಿ ಪತ್ರ ಬರೆಯುತ್ತಿದ್ದೇವೆ, ಸನ್ಮಾನ ಎಲ್ಲ 10ರ ಒಳಗೆ ಮುಗಿಸಲು ಹಿರಿಯರು ಒಪ್ಪಿದ್ದಾರೆ. ಇದಕ್ಕೇ ಬಹಳ ಮಾತಾಯ್ತು, ಕೊನೆಗೆ ಒಪ್ಪಿದರು. ಫೇಸ್‌ಬುಕ್ಕನ್ನು 1 ಗಂಟೆಗೆ ಮೇಳ ಬದಲಾಗುವಾಗ ನಿಲ್ಲಿಸಿ ಮತ್ತೆ ಹಚ್ಚುತ್ತೇವೆ. ಎರಡನೇ ಭಾಷೆ ಮುಂದಿನ ವರ್ಷಕ್ಕೆ, ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು.

ಒಪ್ಪಿಗೆ ಹಾಳೆ ಬರೆದಾಗ ವಕೀಲರಿಗೆ ತೋರಿಸುತ್ತೇನೆ. ಹಾಡುಗಾರರ ಹೆಸರು, ಊರು ತೆರೆಯ ಮೇಲೆ ಬರುವ ಹಾಗೆ ಪಟ್ಟಿ ಮಾಡುತ್ತಿದ್ದೇವೆ.

ಆಳಂದ ಅಕ್ಕ:

ಪತ್ರದ ಜೊತೆ ಒಂದೆರಡು ಮೇಳಗಳ ದನಿ ರೆಕಾರ್ಡ್ ಮಾಡಿ ಕಳಿಸು ತಮ್ಮಾ. ಬರೀ ಕಾಗದ ನೋಡಿ ಯಾರೂ ತಾಸು ಕೊಡುವುದಿಲ್ಲ, ಹಾಡು ಕೇಳಿದರೆ ಕೊಡುತ್ತಾರೆ. ರೆಕಾರ್ಡಿಂಗ್ ಮನೆಯೊಳಗೆ ಮಾಡಿ, ಫ್ಯಾನ್ ಆಫ್ ಮಾಡಿ.

ಬೀದರ್ ಸೌಂಡ್:

ಮತ್ತೆ ಆ ರಾತ್ರಿ ಎಲ್ಲ ಕೈಕೊಟ್ಟರೂ ಚಿಂತೆ ಇಲ್ಲದ ಹಾಗೆ, ಮಿಕ್ಸರಿಗೇ ಒಂದು ಸಣ್ಣ ರೆಕಾರ್ಡರ್ ಹಚ್ಚಿಬಿಡಿ. ಹೊಸ ಕಾರ್ಡ್, ಹೊಸ ಬ್ಯಾಟರಿ. ಟೆಸ್ಟ್ ಯಾವತ್ತು ಅಂತ ಹೇಳಿ, ಸೀಸನ್ ಕೆಲಸ ಇಲ್ಲದಿದ್ದರೆ ನಾನೇ ಡಿಐ ಬಾಕ್ಸ್ ತೆಗೆದುಕೊಂಡು ಬರುತ್ತೇನೆ.